ಗಂಟೆಯ ನಾಲಿಗೆ ಹಿಡಿದವಳು

ನದಿ ಎರಡೂ ಕಡೆಗೆ ಹರಿಯುವ ಊರೊಂದರಲ್ಲಿ ನಾನು ಕೆಲವು ಕಾಲ ಇದ್ದೆ. ಬೆಳಗ್ಗೆ ಮೇಲಿನಿಂದ ಕೆಳಕ್ಕೆ, ಸಂಜೆ ಕೆಳಗಿನಿಂದ ಮೇಲಕ್ಕೆ. ಹೇಗೆ ಎಂದು ಅಲ್ಲಿ ಯಾರನ್ನೂ ಕೇಳಲಿಲ್ಲ. ಇದಕ್ಕಿಂತ ವಿಚಿತ್ರವಾದದ್ದನ್ನು ಬೇರೆ ಊರುಗಳಲ್ಲಿ ನೋಡಿದ್ದೆ, ಕೇಳಿ ಬೈಸಿಕೊಂಡೂ ಇದ್ದೆ.

ಆ ಊರಿನವರ ಬೇಸಾಯ ನೆನಪು. ಒಂದು ಮನೆಯವರಿಗೆ ಬೀಜಗಳ ನೆನಪು, ಒಂದು ಮನೆಯವರಿಗೆ ಮದ್ದುಗಳ ನೆನಪು, ಒಂದು ಮನೆಯವರಿಗೆ ಯಾರ ಮುತ್ತಜ್ಜ ಯಾರ ಮುತ್ತಜ್ಜನ ಮೇಲೆ ಕೈ ಎತ್ತಿದ್ದ ಎಂಬ ನೆನಪು. ಮೇಲಿನ ಊರುಗಳವರು ಯಾವುದನ್ನೂ ನೆನಪಿಟ್ಟುಕೊಳ್ಳುತ್ತಿರಲಿಲ್ಲ. ಕೆಳಗೊಂದು ಊರಿದೆಯಲ್ಲ, ಕೇಳಿದರಾಯಿತು. ಅವರು ಮಣ್ಣಿನ ಕುಡಿಕೆಯಲ್ಲಿ ಮಾತನ್ನು ಹೇಳಿ, ಬಾಯಿಗೆ ಮೇಣ ಮೆತ್ತಿ, ಕೊರಳಿಗೊಂದು ದಾರ ಕಟ್ಟಿ ನದಿಗೆ ಬಿಡುತ್ತಿದ್ದರು. ಒಂದು ಕುಡಿಕೆಗೆ ಒಂದೇ ಮಾತು ಹಿಡಿಸುತ್ತದೆ. ಉದ್ದದ ಸಂಗತಿಯಿದ್ದರೆ ಹಲವು ಕುಡಿಕೆ ಬೇಕು. ಮೇಣ ತೆಗೆದು ಕಿವಿಗೆ ಹಿಡಿದರೆ ಕುಡಿಕೆ ಒಂದೇ ಸಲ ಹೇಳುತ್ತದೆ, ಆಮೇಲೆ ಬರಿ ಮಣ್ಣು. ಉತ್ತರ ಸಂಜೆಯ ನೀರಲ್ಲಿ ಮೇಲಕ್ಕೆ ಹೋಗುತ್ತದೆ.

ಊರಿಗೆ ಇದ್ದದ್ದು ಒಂದೇ ಕಟ್ಟಳೆ. ನದಿಯ ತಿರುವಿನ ಬಂಡೆಯ ಮೇಲೆ ಒಂದು ಗಂಟೆ. ಕುಡಿಕೆಯೊಂದು ತಿರುವಿನಲ್ಲಿ ಕಂಡ ಕೂಡಲೇ ಗಂಟೆಯವಳು ಬಾರಿಸಬೇಕು. ಗಂಟೆ ಕೇಳಿದ ಕೂಡಲೇ ಊರೆಲ್ಲ ಎದ್ದು ನಿಲ್ಲಬೇಕು. ರುಬ್ಬುವವಳ ಕೈ ಗುಂಡಿನ ಮೇಲೆ, ಉಣ್ಣುವವನ ತುತ್ತು ಬಾಯಿಯ ಹತ್ತಿರ, ಜಗಳವಾಡುವವರ ಬೈಗುಳ ಹಲ್ಲಿನ ಹಿಂದೆ. ಯಾರಾದರೂ ನದಿಯ ಮೆಟ್ಟಿಲಿಳಿದು ಕುಡಿಕೆಯನ್ನು ನೀರಿನಿಂದ ಎತ್ತುವವರೆಗೆ ಹಾಗೇ. ಬಾಗಿಲಿಗೆ ಬಂದವರು ಗಮನಕ್ಕೆ ಬಾರದೆ ಹೋಗಬಾರದು, ಅಷ್ಟೇ ಅದರ ಅರ್ಥ. ನಾನು ಹತ್ತಿರದವರೇ ತಿರುಗಿ ನೋಡದ ಊರುಗಳಲ್ಲಿ ಇದ್ದು ಬಂದವಳು. ಇಲ್ಲಿ ಒಂದು ಮಾತಿಗಾಗಿ ಒಂದು ಊರೇ ಎದ್ದು ನಿಲ್ಲುತ್ತಿತ್ತು. ಮೆಚ್ಚುವುದು ನನಗೆ ಸುಲಭವಲ್ಲ. ಆದರೂ ಮೆಚ್ಚಿದೆ.

ಆದರೆ ನಾನು ಹೋದದ್ದು ತಡವಾಗಿ. ಮೇಲಿನ ಊರುಗಳು ಅಷ್ಟರಲ್ಲಿ ಬೆಳೆದಿದ್ದವು, ಮರೆಯುವವರೂ ಬೆಳೆದಿದ್ದರು. ಕುಡಿಕೆ ಬಂತು, ಗಂಟೆ ಬಾರಿಸಿತು, ಊರು ನಿಂತಿತು. ಕೂರುವಷ್ಟರಲ್ಲಿ ಕುಡಿಕೆ ಬಂತು, ಗಂಟೆ ಬಾರಿಸಿತು, ಊರು ನಿಂತಿತು. ಮನೆಯೊಳಗೆ ಒಬ್ಬ ಬಂದ ಮಾತನ್ನು ಕಿವಿಗೆ ಹಿಡಿದು ಅರ್ಧ ಕೇಳಿರುತ್ತಾನೆ. ಗಂಟೆ ಬಾರಿಸುತ್ತದೆ, ಎದ್ದು ನಿಲ್ಲುತ್ತಾನೆ, ಉಳಿದರ್ಧ ಗಾಳಿಗೆ ಹೋಗುತ್ತದೆ. ಸೊಂಟಕ್ಕೆ ಮಾತ್ರ ಒಳ್ಳೆಯ ವ್ಯಾಯಾಮ. ಯಾರೂ ಸೋಮಾರಿಗಳಲ್ಲ, ಎಲ್ಲರಿಗೂ ಬೆವರು, ಆದರೆ ಸಂಜೆಯ ನೀರಿಗೆ ಬಿಡಲು ಉತ್ತರಗಳೇ ಇಲ್ಲ. ಎತ್ತುವವರಿಲ್ಲದ ಕುಡಿಕೆಗಳು ಮೊದಲೆಲ್ಲ ಊರ ಕೆಳಗಿನ ಬಂಡೆಸಾಲಿಗೆ ಬಡಿದು ಒಡೆಯುತ್ತಿದ್ದವಂತೆ. ಉತ್ತರ ಬಾರದವರು ಅದೇ ಮಾತನ್ನು ಮತ್ತೆ ಕಳಿಸುತ್ತಿದ್ದರು, ಎರಡೆರಡು ಕುಡಿಕೆಗಳಲ್ಲಿ. ಗಂಟೆ ಇನ್ನೂ ಜೋರಾಗುತ್ತಿತ್ತು.

ಊರಿನವರು ಮೊದಲು ಗಂಟೆಯನ್ನೇ ದೊಡ್ಡದು ಮಾಡಿಸಿದ್ದರಂತೆ. ಆಮೇಲೆ ಯಜಮಾನರು, ಅಂದರೆ ಊರಿಗೆ ಹಿರಿಯರಾದವರು, ಮೆಟ್ಟಿಲ ಬಳಿ ದೊಡ್ಡದೊಂದು ಒಡ್ಡು ಕಟ್ಟಿಸಿ ಕೊಳ ಮಾಡಿಸಿದರು. ಅವರಿಗೆ ಆ ಕೊಳದ ಮೇಲೆ ಬಹಳ ಹೆಮ್ಮೆ. ಕೊಳವಾದ ಮೇಲೆ ಕುಡಿಕೆಗಳು ಒಡೆಯುವುದು ನಿಂತಿತು. ಕೊಳದಲ್ಲಿ ತೇಲುತ್ತ ಕಾದವು. ಕಾದ ಮಾತು ಮಜ್ಜಿಗೆಯ ಹಾಗೆ, ಹುಳಿಯಾಗುತ್ತದೆ. ಮದುವೆಗೆ ಒಪ್ಪಲೋ ಬೇಡವೋ ಎಂದು ಕೇಳಿದ ಹುಡುಗಿಗೆ ಬೇಡ ಎಂಬ ಉತ್ತರ ಹೋಗಿ ಮುಟ್ಟುವಾಗ ಅವಳ ಮಗನಿಗೆ ಮೀಸೆ ಬಂದಿತ್ತು. ಯಜಮಾನರು ಮಾತ್ರ, “ಒಂದಾದರೂ ಒಡೆಯಿತಾ ನೋಡಿ” ಎನ್ನುತ್ತಿದ್ದರು.

ಗಂಟೆಯವಳ ಪರಿಚಯವಾದದ್ದು ಬುಟ್ಟಿ ಹೊರುವಾಗ. ಎಲ್ಲ ಊರಲ್ಲೂ ಹೊಸಬರಿಗೆ ಸಿಗುವುದು ಹೊರುವ ಕೆಲಸವೇ. ಅವಳದು ಒರಟು ಬಾಯಿ, ಅಗಲ ಅಂಗೈ. ತನ್ನ ಕಣ್ಣಿನಷ್ಟು ಚುರುಕಾದ ಕಣ್ಣು ಈ ನದಿಯ ಉದ್ದಕ್ಕೂ ಇಲ್ಲವೆಂದು ತಾನೇ ಹೇಳಿಕೊಳ್ಳುತ್ತಿದ್ದಳು. ಅದು ನಿಜವೂ ಆಗಿತ್ತು.

“ಅಕ್ಕಾ, ಅಲ್ಲಿ ಮೇಲಿನ ಊರಲ್ಲಿ ನನ್ನ ತಂಗಿ ಇದಾಳೆ,” ಎಂದಳು ಒಂದು ದಿನ, ನದಿಯಿಂದ ಕಣ್ಣು ತೆಗೆಯದೆ. “ಹೋದ ಬಿತ್ತನೆ ಕಾಲದಲ್ಲಿ ಅವಳಿಗೆ ಹೆರಿಗೆ ನೋವು. ಮಗು ಅಡ್ಡ ಮಲಗಿತ್ತು. ಏನು ಮಾಡಬೇಕು ಅಂತ ನಮ್ಮ ಸೂಲಗಿತ್ತಿಯನ್ನ ಕೇಳಿ ಕಳಿಸಿದ್ರು. ಬಿತ್ತನೆ ಕಾಲ ಅಂದ್ರೆ ಗೊತ್ತಲ್ಲ, ಎಲ್ಲರಿಗೂ ಅದೇ ವಾರ ಬೀಜದ ನೆನಪು ಬೇಕು. ತಂಗಿಯ ಕುಡಿಕೆಗಳಿಗೆ ಗಂಟೆ ಬಾರಿಸಿದ್ದು ನಾನೇ. ಊರೆಲ್ಲ ಎದ್ದು ನಿಂತಿದ್ದೂ ಆಯ್ತು. ಆಮೇಲೆ ಕೊಳದಲ್ಲಿ ಅವು ಎಲ್ಲಿ ಹೋದವೋ. ಕೊನೆಗೆ ಸೂಲಗಿತ್ತಿ ಉತ್ತರ ಕಳಿಸಿದಳು. ಅದಕ್ಕೊಂದು ಕುಡಿಕೆ ವಾಪಸು ಬಂತು.”

“ಏನಿತ್ತು ಅದರಲ್ಲಿ?”

“ಇನ್ನು ಬೇಡ, ಅಂತ ಇತ್ತು.”

ಕುಡಿಕೆ ಬಂತು. ಅವಳು ಬಾರಿಸಿದಳು. ಊರು ನಿಂತಿತು.

“ಅವಳು ಮತ್ತೆ ಬಸುರಿ,” ಎಂದಳು. “ಈ ಸಲವೂ ಬಿತ್ತನೆ ಕಾಲಕ್ಕೇ.”

ಬಿತ್ತನೆ ಕಾಲಕ್ಕೆ ಇನ್ನೂ ಒಂದು ಚಂದ್ರನ ಸುತ್ತು ಉಳಿದಿರುವಾಗ, ಒಂದು ಬೆಳಗ್ಗೆ ಮೊದಲ ಕುಡಿಕೆ ಬಂತು. ಗಂಟೆ ಬಾರಿಸಿತು, ಊರು ನಿಂತಿತು. ಎರಡನೆಯ ಕುಡಿಕೆ ಬಂತು. ಗಂಟೆ ಬಾರಿಸಲಿಲ್ಲ. ತಿರುಗಿ ನೋಡಿದರೆ ಗಂಟೆಯವಳು ಗಂಟೆಯ ನಾಲಿಗೆಯನ್ನು ಮುಷ್ಟಿಯಲ್ಲಿ ಹಿಡಿದು ನಿಂತಿದ್ದಳು.

“ಎತ್ತಿ!” ಎಂದು ಕೂಗಿದಳು ಮೆಟ್ಟಿಲ ಮೇಲಿದ್ದವರಿಗೆ. “ಒಂದಲ್ಲ, ಬುಟ್ಟಿ ತುಂಬ ಎತ್ತಿ. ಕಾಣುವಷ್ಟು ಎತ್ತಿ. ಬರ್ತಾ ಇದಾವೆ ಅಂತ ಕಣ್ಣಿಗೆ ಕಾಣುವಾಗ ಬಾರಿಸಿ ಹೇಳೋದು ಏನಿದೆ? ಉಳಿದವರು ಕೂತ್ಕೊಂಡು ನಿಮ್ಮ ನಿಮ್ಮ ಕೆಲಸ ಮಾಡಿ.”

ಊರು ಕೂರಲಿಲ್ಲ. ನಿಂತೇ ಇತ್ತು, ಈ ಸಲ ಕೋಪದಿಂದ. ಯಜಮಾನರು ಬಂಡೆಯ ಕೆಳಗೆ ಬಂದರು. ಅವರ ಹಿಂದೆ ಮಡಿಯಜ್ಜಿ.

ಮಡಿಯಜ್ಜಿಯ ವಿಷಯ ಹೇಳಬೇಕು. ಹೊರಗಿನ ಕುಡಿಕೆ ಮನೆಯೊಳಗೆ ಬರಬಾರದೆಂದು ಆ ಊರಲ್ಲಿ ಪದ್ಧತಿ. ಮಾತನ್ನು ಮೆಟ್ಟಿಲ ಬಳಿ ಮೆಟ್ಟಿಲ ಕೊಡಕ್ಕೆ ಸುರಿಯಬೇಕು, ಬೀದಿಯ ತುದಿಯಲ್ಲಿ ಬೀದಿಯ ಕೊಡಕ್ಕೆ, ಹೊಸ್ತಿಲಲ್ಲಿ ಮನೆಯ ಕೊಡಕ್ಕೆ. ಸುರಿದಾಗಲೆಲ್ಲ ಹೊತ್ತು ಹೋಗುತ್ತದೆ, ಸುರಿದಾಗಲೆಲ್ಲ ಒಂಚೂರು ಚೆಲ್ಲುತ್ತದೆ. ಆ ಕೊಡಗಳನ್ನೆಲ್ಲ ಕಾಯುವವಳು ಮಡಿಯಜ್ಜಿ. ಅವಳ ಮಡಿಗೆ ಹೆದರಿ ನೊಣಗಳೂ ಸುತ್ತು ಹಾಕಿಕೊಂಡು ಹೋಗುತ್ತಿದ್ದವು.

“ಏನೇ ಇದು?” ಎಂದಳು ಮಡಿಯಜ್ಜಿ. “ಮನೆಗೆ ಬಂದವರನ್ನ ಬನ್ನಿ ಅನ್ನದೆ ಕೊರಳು ಹಿಡಿದು ಬುಟ್ಟಿಗೆ ತುಂಬ್ತೀಯಾ? ಸಂತೆಗೆ ಬದನೆಕಾಯಿ ತುಂಬಿದ ಹಾಗೆ?”

“ಬನ್ನಿ ಬನ್ನಿ ಅಂತ ಬಾಗಿಲಲ್ಲೇ ನಿಲ್ಲಿಸಿ ಸಾಯಿಸೋದಕ್ಕಿಂತ ಬುಟ್ಟಿ ವಾಸಿ ಅಜ್ಜಿ.”

“ಕೈ ಬಿಡಮ್ಮ,” ಎಂದರು ಯಜಮಾನರು. “ನಿನ್ನ ದುಃಖ ನಮಗೆ ಗೊತ್ತು. ಆದರೆ ಗಂಟೆ ನಿನ್ನದಲ್ಲ.”

“ಸಂಜೆವರೆಗೆ ಕೊಡಿ ಯಜಮಾನ್ರೇ. ಸಂಜೆ ನೀರಿಗೆ ಎಷ್ಟು ಉತ್ತರ ಬಿಡ್ತೀರೋ ನೋಡಿ. ನಿನ್ನೆಗಿಂತ ಒಂದು ಕಡಿಮೆಯಾದ್ರೂ ನಾನೇ ಗಂಟೆ ಇಳಿಸಿ ನನ್ನ ಕೊರಳಿಗೆ ಕಟ್ಕೋತೀನಿ.”

ಸಂಜೆ ನದಿ ಮೇಲಕ್ಕೆ ತಿರುಗಿದಾಗ ಉತ್ತರದ ಕುಡಿಕೆಗಳು ಈ ದಡದಿಂದ ಆ ದಡದವರೆಗೆ ಹರಡಿದ್ದವು. ಒಬ್ಬ ಮುದುಕ, ಇವತ್ತು ಅನ್ನ ಬಿಸಿಯಿರುವಾಗಲೇ ಉಂಡೆ ಎಂದ.

ಗೆದ್ದವರಿಗೆ ಬರುವ ರೋಗ ಗಂಟೆಯವಳಿಗೂ ಬಂತು. ಮರುದಿನ ಗಂಟೆಯ ನಾಲಿಗೆಗೆ ಬಟ್ಟೆ ಸುತ್ತಿ ಹಗ್ಗದಿಂದ ಬಿಗಿದು ಕಟ್ಟಿಬಿಟ್ಟಳು. ಇನ್ನು ಗಂಟೆಯೇ ಬೇಡ ಎಂದಳು. ಆ ದಿನ ಏಕೋ ನದಿ ಖಾಲಿ. ಮೆಟ್ಟಿಲ ಮೇಲಿದ್ದವರು ನೀರನ್ನು ನೋಡಿ ನೋಡಿ ಸಾಕಾಗಿ ತೂಕಡಿಸಿದರು. ಅವಳಿಗೂ ಜೊಂಪು. ನಡುಹಗಲಲ್ಲಿ ಒಂದೇ ಒಂದು ಕುಡಿಕೆ ಬಂತು. ಯಾರಿಗೂ ಹೇಳದೆ, ಯಾರಿಂದಲೂ ಎತ್ತಿಸಿಕೊಳ್ಳದೆ, ಮೆಟ್ಟಿಲಿಗೆ ಮೈ ತಾಕಿಸುತ್ತ ಮಧ್ಯಾಹ್ನವೆಲ್ಲ ತೇಲಿತು. ಸಂಜೆ ನೀರು ತಿರುಗಿದಾಗ, ಕೇಳಿಸದೆಯೇ ಬಂದ ದಾರಿಯಲ್ಲಿ ವಾಪಸು ಹೊರಟಿತು. ಅದನ್ನು ಕಂಡವಳು ಮಡಿಯಜ್ಜಿ.

“ಹೋಗ್ತಾ ಇದೆ ನೋಡೇ ನಿನ್ನ ನೆಂಟ,” ಎಂದಳು. “ಬಾಯಿ ಇರೋ ಗಂಟೇನ ಮೂಗಿ ಮಾಡಿದೆ.”

ಗಂಟೆಯವಳು ಸೀರೆ ಎತ್ತಿ ಕಟ್ಟಿ ನೀರಿಗಿಳಿದು, ಎದೆಮಟ್ಟದವರೆಗೆ ಹೋಗಿ ಆ ಕುಡಿಕೆಯನ್ನು ಹಿಡಿದು ತಂದಳು. ಅದರಲ್ಲಿದ್ದದ್ದು ಒಬ್ಬ ಅಜ್ಜನ ಮಾತು. ಹೆಂಡತಿ ಹಾಡುತ್ತಿದ್ದ ಹಾಡಿನ ಮೊದಲ ಸಾಲು ಮರೆತಿದ್ದ. ಅವಳು ಹಗ್ಗ ಬಿಚ್ಚಿದಳು, ಬಟ್ಟೆ ಬಿಚ್ಚಿದಳು. ನನ್ನ ಕಡೆ ತಿರುಗಿ, “ಕಟ್ಟಬಾರದು ಅಕ್ಕಾ. ಹಿಡಿಯಬೇಕು,” ಎಂದಳು.

ಅಂದಿನಿಂದ ಹಾಗೇ ನಡೆಯಿತು. ನದಿ ಖಾಲಿಯಿದ್ದಾಗ ಗಂಟೆ ತೆರೆದಿರುತ್ತದೆ. ಮೊದಲ ಕುಡಿಕೆಗೆ ಗಂಟೆ ಬಾರಿಸುತ್ತದೆ, ಊರು ನಿಲ್ಲುತ್ತದೆ. ಆ ಕೂಡಲೇ ಅವಳ ಕೈ ನಾಲಿಗೆಯನ್ನು ಹಿಡಿಯುತ್ತದೆ. ಕುಡಿಕೆಗಳು ಬರುತ್ತಿರುವಷ್ಟು ಹೊತ್ತು ಹಿಡಿದಿರುತ್ತದೆ. ಬುಟ್ಟಿ ತುಂಬಿತು, ಬುಟ್ಟಿ ಹೋಯಿತು, ಬುಟ್ಟಿ ಬಂತು. ಕೊನೆಯ ಕುಡಿಕೆ ಎತ್ತಿದ ಮೇಲೆ, ತಿರುವು ಬರಿದಾದ ಮೇಲೆ, ಅವಳ ಬೆರಳುಗಳು ಒಂದೊಂದಾಗಿ ಬಿಡುತ್ತವೆ. ಹಿಡಿಯುವುದನ್ನು ಬಹಳ ಜನ ಕಲಿಯುತ್ತಾರೆ. ಬಿಡುವ ಹೊತ್ತನ್ನು ಅಷ್ಟು ಸರಿಯಾಗಿ ತಿಳಿದ ಕೈಯನ್ನು ನಾನು ಬೇರೆಲ್ಲೂ ನೋಡಿಲ್ಲ.

ಯಜಮಾನರು ಬಹಳ ದಿನ ಕೊಳದ ಒಡ್ಡಿನ ಮೇಲೆ ಕೂತೇ ಇದ್ದರು. ಸಿಟ್ಟು ಬಂದಿದೆ ಎಂದುಕೊಂಡೆವು. ಅವರು ದಾರಗಳನ್ನು ನೋಡುತ್ತಿದ್ದರಂತೆ.

“ಒಂದೊಂದು ಮನೆಯವರದು ಒಂದೊಂದು ಬಣ್ಣ,” ಎಂದರು ಒಂದು ದಿನ. “ಚಂದಕ್ಕೆ ಕಟ್ಟುತ್ತಾರೆ ಅಂತ ಇಷ್ಟು ಕಾಲ ಅಂದುಕೊಂಡಿದ್ದೆವು. ಗಂಟುಗಳನ್ನು ನೋಡಿ. ಮೊದಲ ಕುಡಿಕೆಗೆ ಒಂದು, ಎರಡನೆಯದಕ್ಕೆ ಎರಡು, ಕೊನೆಯದಕ್ಕೆ ಗಂಟಿನ ಜೊತೆ ಒಂದು ಕುಚ್ಚು. ನಾವೇನು ಮಾಡ್ತೀವಿ? ಮೊದಲನೆಯದನ್ನು ಇವನು ಕೇಳ್ತಾನೆ, ಎರಡನೆಯದನ್ನು ಬೀದಿಯಾಚೆ ಅವಳು ಕೇಳ್ತಾಳೆ, ಆಮೇಲೆ ಇಬ್ಬರೂ ಒಬ್ಬರನ್ನೊಬ್ಬರು ಹುಡುಕಿಕೊಂಡು ಊರು ಸುತ್ತುತ್ತಾರೆ. ಒಂದು ಬಣ್ಣ ಒಂದೇ ಕೈಗೆ ಹೋಗಲಿ.”

ಗಂಟೆಯವಳು ಅವರ ಕಾಲು ಮುಟ್ಟಿ, “ಯಜಮಾನ್ರೇ, ಇಷ್ಟು ಒಳ್ಳೆ ತಲೆ ಇಟ್ಕೊಂಡು ಕೊಳ ಯಾಕೆ ಕಟ್ಟಿಸಿದ್ರಿ?” ಎಂದಳು. ಅವರು ನಕ್ಕರು. ಒಡ್ಡನ್ನು ತಾವೇ ನಿಂತು ತಗ್ಗಿಸಿದರು. ಎತ್ತುವವರು ಒಂದು ಉಸಿರು ಬಿಟ್ಟುಕೊಳ್ಳುವಷ್ಟು ಕೊಳ ಉಳಿಯಿತು.

ನೆನಪಿನವರು ಮೆಟ್ಟಿಲ ಮೇಲೆಯೇ ಬಂದು ಕೂತರು. ಬೀಜ ಕೇಳುವ ಮನೆಗಳ ಬಣ್ಣಗಳು ಬೀಜದವನಿಗೆ, ಬಸುರಿಯರಿರುವ ಮನೆಗಳ ಬಣ್ಣಗಳು ಸೂಲಗಿತ್ತಿಗೆ. ಗಂಟೆಯವಳ ತಂಗಿಯ ಮನೆಯದು ಅರಿಶಿನದ ದಾರ. ಉಳಿದದ್ದು ಸುರಿಯುವ ಪದ್ಧತಿ ಒಂದೇ.

“ಹೊರಗಿನ ಕುಡಿಕೆಯನ್ನ ಹಾಗೇ ಕಿವಿಗೆ ಹಿಡಿಯೋದಾ?” ಎಂದು ಮಡಿಯಜ್ಜಿ ಕೊಡಗಳ ಮುಂದೆ ಕೈ ಚಾಚಿ ನಿಂತಳು. “ನನ್ನ ಹೆಣದ ಮೇಲೆ.”

“ಅಜ್ಜಿ, ಅದು ಅಲ್ಲಿಂದ ಇಲ್ಲೀವರೆಗೆ ನೀರಲ್ಲಿ ಮಿಂದ್ಕೊಂಡೇ ಬಂದಿದೆ. ದಾರಿಯಲ್ಲಿ ಯಾರನ್ನೂ ಮುಟ್ಟಿಲ್ಲ. ನಿಮಗಿಂತ ಮಡಿ.”

“ನನಗಿಂತ ಮಡೀನಾ?” ಎಂದಳು ಅಜ್ಜಿ. ಇನ್ನೊಂದು ಸಲ, ಮೆಲ್ಲಗೆ, “ನನಗಿಂತ?” ಎಂದು ಹೇಳಿಕೊಳ್ಳುತ್ತ ಮನೆಗೆ ಹೋದಳು. ಆ ಸಂಜೆ ಅವಳ ಮನೆಯಲ್ಲಿ ದೀಪದ ಎದುರು ಒಂದು ಖಾಲಿ ಕುಡಿಕೆ ಇತ್ತಂತೆ, ಅವಳು ಅದನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದಳಂತೆ. ಬೆಳಗ್ಗೆ ನಾವು ಹೋದಾಗ ಕೊಡಗಳೆಲ್ಲ ತಲೆಕೆಳಗಾಗಿ ಒಣಗುತ್ತಿದ್ದವು. ಅಜ್ಜಿ ಮೆಟ್ಟಿಲ ಮೇಲೆ ಕೂತು ಕುಡಿಕೆಗಳ ಮೇಣ ಕೀಳಲು ಉಗುರು ಚೂಪು ಮಾಡಿಕೊಳ್ಳುತ್ತಿದ್ದಳು. “ಏನೇ ನೋಡ್ತೀರಾ? ಮಡಿ ಕಂಡ್ರೆ ನನಗೆ ಗೊತ್ತಾಗಲ್ವಾ?” ಎಂದಳು.

ಬಿತ್ತನೆ ಕಾಲ ಬಂತು. ಮೇಲಿನ ಊರುಗಳೆಲ್ಲ ಒಟ್ಟಿಗೆ ಮರೆತವು. ಮೊದಲ ಕುಡಿಕೆಗೆ ಗಂಟೆ ಬಾರಿಸಿತು, ಊರು ನಿಂತಿತು, ಅವಳ ಕೈ ನಾಲಿಗೆಯನ್ನು ಹಿಡಿಯಿತು. ಆಮೇಲೆ ನೀರು ಕಾಣಲಿಲ್ಲ. ತಿರುವಿನಿಂದ ಮೆಟ್ಟಿಲವರೆಗೆ ಕುಡಿಕೆಯ ಕೊರಳಿಗೆ ಕುಡಿಕೆಯ ಕೊರಳು ತಾಗಿ ಬರುತ್ತಿದ್ದವು. ಬುಟ್ಟಿ ತುಂಬಿತು, ಬುಟ್ಟಿ ಹೋಯಿತು, ಬುಟ್ಟಿ ಬಂತು. ಕೆಂಪು ಇಲ್ಲಿಗೆ, ನೀಲಿ ಅಲ್ಲಿಗೆ, ಹಸಿರು ಮೇಲಿನ ಮೆಟ್ಟಿಲಿಗೆ. ಅಜ್ಜಿಯ ಉಗುರು, ನೆನಪಿನವರ ಕಿವಿ, ಉತ್ತರದ ಬಾಯಿ. ಬುಟ್ಟಿ ತುಂಬಿತು, ಬುಟ್ಟಿ ಹೋಯಿತು, ಬುಟ್ಟಿ ಬಂತು. ಯಾರೂ ಓಡಲಿಲ್ಲ. ಯಾರೂ ಕೂಗಲಿಲ್ಲ. ಅಷ್ಟು ದೊಡ್ಡ ಕೆಲಸ ಅಷ್ಟು ಸದ್ದಿಲ್ಲದೆ ನಡೆಯಬಹುದೆಂದು ನನಗೆ ತಿಳಿದಿರಲಿಲ್ಲ. ಬಹಳ ಊರುಗಳಲ್ಲಿ ಸದ್ದೇ ಕೆಲಸ.

ಬಿತ್ತನೆಯ ನಡುದಿನಗಳಲ್ಲೊಂದು ಬೆಳಗ್ಗೆ, ನಾನು ಹೊತ್ತ ಬುಟ್ಟಿಯಲ್ಲಿ ಅರಿಶಿನದ ದಾರವೊಂದು ಕಂಡಿತು. ಒಂದು ಗಂಟು. ಸೂಲಗಿತ್ತಿ ಕಿವಿಗೆ ಹಿಡಿದಳು. ಹೆರಿಗೆ ಮಾಡಿಸಲು ನಿಂತ ಹೆಂಗಸಿನ ದನಿ: “ಗಂಟೆಯವಳ ತಂಗಿಗೆ ನೋವು ಶುರುವಾಗಿದೆ.” ಮುಂದಿನ ಬುಟ್ಟಿಯಲ್ಲಿ ಎರಡು ಗಂಟಿನದು: “ಮಗು ಈ ಸಲವೂ ಅಡ್ಡ ಮಲಗಿದೆ.” ಅದರ ಬೆನ್ನಿಗೇ ನಾಲ್ಕು ಗಂಟಿನದು, ಕುಚ್ಚಿನ ಸಮೇತ: “ಯಾವ ಕಡೆಗೆ ತಿರುಗಿಸಲಿ, ಬೇಗ ಹೇಳಿ.”

ಮೂರನೆಯದಿಲ್ಲ.

“ತಲೆ ಯಾವ ಮಗ್ಗುಲಿಗಿದೆ ಅನ್ನೋದು ಅದರಲ್ಲೇ ಇರುತ್ತೆ,” ಎಂದಳು ಸೂಲಗಿತ್ತಿ. “ಅದು ತಿಳೀದೆ ತಿರುಗಿಸು ಅಂದ್ರೆ ನಾನೇ ಕೊಂದ ಹಾಗೆ.”

ಮಾತು ಬಂಡೆಯವರೆಗೆ ಹೋಯಿತು. ಗಂಟೆಯವಳು ನಾಲಿಗೆಯನ್ನು ಹಿಡಿದೇ ಇದ್ದಳು. ಕೆಳಗೆ ನದಿ ತುಂಬ ಕೆಂಪು, ನೀಲಿ, ಹಸಿರು. ಎಲ್ಲೋ ಒಂದು ಅರಿಶಿನ, ಇದ್ದರೆ.

ಯಜಮಾನರು ಬಂಡೆಯನ್ನೇ ಹತ್ತಿಬಂದರು. “ಬಾರಿಸಮ್ಮಾ,” ಎಂದರು. “ನಾನೇ ಹೇಳ್ತಾ ಇದೀನಿ. ಒಂದು ಸಲ ಬಾರಿಸು. ಊರೆಲ್ಲ ಕೆಲಸ ಬಿಟ್ಟು ನಿಲ್ಲಲಿ. ಎಲ್ಲರೂ ನೀರಿಗಿಳಿದು ಅದೊಂದನ್ನು ಹುಡುಕೋಣ.”

ಅವಳು ಇನ್ನೊಂದು ಕೈಯನ್ನೂ ಗಂಟೆಯ ನಾಲಿಗೆಗೆ ಹಾಕಿ ಹಿಡಿದಳು.

“ಊರು ನಿಂತ್ರೆ ನದಿ ನಿಲ್ಲುತ್ತಾ ಯಜಮಾನ್ರೇ?” ಎಂದಳು. “ಎಲ್ಲರೂ ಇಳಿದ್ರೆ ಎತ್ತೋರು ಯಾರು? ಮುಂದಿರೋದು ಬಂಡೆಗೆ ಬಡಿಯುತ್ತೆ, ಹಿಂದಿರೋದು ಅದರ ಮೇಲೆ. ನನ್ನ ತಂಗೀದು ಅದರ ಹಿಂದೆ ಎಲ್ಲೋ ಇದೆ. ಅವರವರದು ಎತ್ತಿದ್ರೇ ಅವಳದು ಬರೋದು.” ಆಮೇಲೆ ಮೆಟ್ಟಿಲ ಕಡೆ ತಿರುಗಿ, ಎಂದಿನ ಒರಟು ದನಿಯಲ್ಲೇ, “ಯಾಕ್ರೇ ಬಾಯಿ ಬಿಟ್ಕೊಂಡು ನೋಡ್ತೀರಾ? ಎತ್ತಿ!” ಎಂದಳು.

ಬುಟ್ಟಿ ತುಂಬಿತು, ಬುಟ್ಟಿ ಹೋಯಿತು, ಬುಟ್ಟಿ ಬಂತು. ಒಬ್ಬನಿಗೆ ರಾಗಿ ಯಾವಾಗ ಬಿತ್ತಬೇಕೆಂದು ಬೇಕಿತ್ತು, ಹೇಳಿದರು. ಒಬ್ಬಳಿಗೆ ಎಮ್ಮೆಯ ಕೆಚ್ಚಲು ಬಾತಿತ್ತು, ಹೇಳಿದರು. ಬುಟ್ಟಿ ತುಂಬಿತು, ಬುಟ್ಟಿ ಹೋಯಿತು, ಬುಟ್ಟಿ ಬಂತು. ಯಾರ ಕುಡಿಕೆಯನ್ನೂ ಬದಿಗೆ ತಳ್ಳಲಿಲ್ಲ, ಯಾರದನ್ನೂ ಅರ್ಧ ಕೇಳಲಿಲ್ಲ. ಅವಳ ಕಣ್ಣುಗಳು ತಿರುವಿನಲ್ಲಿ, ಅವಳ ಕೈ ನಾಲಿಗೆಯ ಮೇಲೆ. ಹೊತ್ತು ವಾಲುತ್ತಿತ್ತು. ಸಂಜೆಯ ನೀರು ತಪ್ಪಿದರೆ ಉತ್ತರ ಇನ್ನೊಂದು ದಿನ ಕಾಯಬೇಕು, ಹೊಟ್ಟೆಯೊಳಗಿನ ಮಗು ಕಾಯುವುದಿಲ್ಲ.

ನದಿ ತಿರುಗುವ ಮೊದಲು ನೀರು ಒಂದು ಗಳಿಗೆ ಸುಮ್ಮನಾಗುತ್ತದೆ. ಅದು ಸುಮ್ಮನಾಗತೊಡಗಿದ್ದಾಗ ಬಂದ ಬುಟ್ಟಿಯಿಂದ ಮಡಿಯಜ್ಜಿ ಒಂದು ಕುಡಿಕೆಯನ್ನು ಎತ್ತಿ ಹಿಡಿದಳು. ಅರಿಶಿನ. ಮೂರು ಗಂಟು. ಉಗುರಿನಿಂದ ಮೇಣವನ್ನು ಹಾರಿಸಿ ಸೂಲಗಿತ್ತಿಯ ಕಿವಿಗೆ ತಾನೇ ಹಿಡಿದಳು. ಉಳಿದ ಮೂರೂ ಕೇಳಿದ್ದ ಅದೇ ಕಿವಿ. ಯಾರನ್ನೂ ಕೇಳುವುದಿರಲಿಲ್ಲ, ಎಲ್ಲಿಗೂ ಹೋಗುವುದಿರಲಿಲ್ಲ, ಏನನ್ನೂ ಸುರಿಯುವುದಿರಲಿಲ್ಲ. “ಎಡ ಮಗ್ಗುಲು,” ಎಂದಳು ಸೂಲಗಿತ್ತಿ. ಆ ಉಸಿರಲ್ಲೇ ಉತ್ತರದ ಕುಡಿಕೆಗೆ ಬಾಯಿಟ್ಟು ಹೇಗೆ, ಎಲ್ಲಿ, ಎಷ್ಟು ಮೆಲ್ಲಗೆ ಎಂದು ಒಂದೇ ಮಾತಿನಲ್ಲಿ ಹೇಳಿದಳು. ನೀರು ತಿರುಗಿತು. ಮೊದಲು ಹೊರಟದ್ದು ಅದೇ.

ಮರುದಿನ ಕುಡಿಕೆಗಳು ಕಡಿಮೆಯಾದವು. ಮಧ್ಯಾಹ್ನದ ಹೊತ್ತಿಗೆ ಕೊನೆಯದನ್ನು ಎತ್ತಿದೆವು. ತಿರುವು ಬರಿದಾಯಿತು. ಅವಳ ಬೆರಳುಗಳು ಒಂದೊಂದಾಗಿ ಬಿಟ್ಟವು. ಅಂಗೈಯಲ್ಲಿ ಕಂಚಿನ ಗುರುತು ಹಸಿರಾಗಿ ಮೂಡಿತ್ತು. ಊರು ಕೂತು ಉಂಡಿತು, ರುಬ್ಬಿತು, ಬಾಕಿಯಿದ್ದ ಜಗಳಗಳನ್ನು ಮುಗಿಸಿತು.

ಆಗ ಒಂದು ಕುಡಿಕೆ ಬಂತು.

ಗಂಟೆ ಬಾರಿಸಿತು. ಊರು ನಿಂತಿತು. ಬಿತ್ತನೆ ಶುರುವಾದ ದಿನದಿಂದ ಯಾರೂ ಆ ಸದ್ದನ್ನು ಕೇಳಿರಲಿಲ್ಲ. ರುಬ್ಬುವವಳ ಕೈ ಗುಂಡಿನ ಮೇಲೆ, ಉಣ್ಣುವವನ ತುತ್ತು ಬಾಯಿಯ ಹತ್ತಿರ. ಎಲೆಯೂ ಅಲುಗಲಿಲ್ಲ. ಮೆಟ್ಟಿಲಿಳಿದು ಎತ್ತಿದವಳು ಗಂಟೆಯವಳೇ. ಅರಿಶಿನದ ದಾರ, ಒಂದು ಗಂಟು, ಕುಚ್ಚು. ಒಂದೇ ಮಾತು. ಹೋದ ಸಲ ಬಂದದ್ದೂ ಒಂದೇ ಮಾತು. ಅವಳು ಮೇಣದ ಮೇಲೆ ಉಗುರಿಟ್ಟು ತಡೆದಳು.

“ತೆಗಿಯೇ,” ಎಂದಳು ಮಡಿಯಜ್ಜಿ. “ಕಾಲು ನೋಯ್ತಿದೆ.”

ತೆಗೆದಳು. ಕಿವಿಗೆ ಹಿಡಿಯುವ ಮೊದಲೇ ಕುಡಿಕೆ ಕಿರುಚಿತು. ಕೆಂಪಗೆ, ಹಸಿದು, ಕೋಪದಿಂದ, ತಾನು ಈಗತಾನೇ ಬಂದಿರುವಾಗ ಯಾರೂ ಎದ್ದು ನಿಲ್ಲದಿದ್ದರೆ ಹೇಗೆ ಎಂದು ಕೇಳುವ ಹಾಗೆ ಅತ್ತಿತು. ಆ ನಿಶ್ಶಬ್ದದಲ್ಲಿ ಅದು ಕೊನೆಯ ಬೀದಿಯ ಕೊನೆಯ ಮನೆಗೂ ಕೇಳಿಸಿತು. ಅಳು ಮುಗಿದು ಬರಿ ಮಣ್ಣಾದ ಕುಡಿಕೆಯನ್ನು ಅವಳು ಸ್ವಲ್ಪ ಹೊತ್ತು ಕೆನ್ನೆಗೆ ಒತ್ತಿಕೊಂಡಿದ್ದಳು.

“ಏನು ಗಂಟಲೇ ಅಕ್ಕಾ ಇದು,” ಎಂದಳು ನನಗೆ, ಮೂಗು ಒರೆಸಿಕೊಳ್ಳುತ್ತ. “ನನ್ನ ಕೆಲಸ ಕಿತ್ಕೊಳ್ಳೋಕೇ ಹುಟ್ಟಿದೆ.”

ತಿರುವಿನಲ್ಲಿ ಇನ್ನೊಂದು ಕುಡಿಕೆ ಕಂಡಿತು, ಅದರ ಹಿಂದೆ ಇನ್ನೊಂದು. ಅವಳು ಬಂಡೆಯ ಕಡೆಗೆ ಓಡಿದಳು. ನಾನು ಬುಟ್ಟಿ ಎತ್ತಿಕೊಂಡೆ.